ಮೂಲೆಯಲ್ಲಿ ನಾಲ್ಕು ಬೆರಳು

ಮಾರ್ಚ್ 3, ಸೋಮವಾರ

ಈ ದಿನಚರಿಯನ್ನೇ ನ್ಯಾಯಪೀಠವೆಂದು ಭಾವಿಸಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಡಕ್ಕೂ ಒಳಗಾಗದೆ ಒಪ್ಪಿಕೊಳ್ಳುತ್ತೇನೆ: ಇಂದು ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ನಾನು ಬಡಗಿಯ ಅಂಗಡಿಯಿಂದ ಒಂದು ಪೆನ್ಸಿಲು ಕದ್ದೆ. ಮಾಲಿನ ವಿವರ: ಉದ್ದ ಒಂದು ಬೆರಳು, ಬಣ್ಣ ಒಂದಾನೊಂದು ಕಾಲದಲ್ಲಿ ಕೆಂಪು, ಹಿಂತುದಿಯಲ್ಲಿ ಹಲ್ಲಿನ ಗುರುತು. ಕಡ್ಡಿ ಮುರಿದಂತೆ ಹೇಳಬೇಕೆಂದರೆ, ಅರ್ಧ ಕಡ್ಡಿ. ಅರವತ್ತೆಂಟು ವರ್ಷದ ಶುಭ್ರ ಬಾಳಿಗೆ ಇದು ಮೊದಲ ಕಲೆ. ಆದರೆ ಕಳವೂ ಒಂದು ಕಲೆ ತಾನೇ.

ಕೆರಳಿಸಿದ್ದು ಅವನೇ. ಅಂಗಡಿಯ ಬಾಗಿಲು ಗಿಡ್ಡ. ಒಳಹೋಗುವಾಗ ಚೌಕಟ್ಟು ನನ್ನ ಹಣೆಗೆ ರಪ್ಪೆಂದು ಬಡಿಯಿತು. ಹಣೆ ಉಜ್ಜಿಕೊಳ್ಳುತ್ತ ಹಲಗೆ ಕೇಳಿದೆ.

"ಅಳತೆ ತಂದಿದೀರಾ ಸರ್?"

"ತಂದಿದೀನಿ. ಕೆಳಗಿನದು ಎದೆಮಟ್ಟ, ನಡುವಿನದು ಗಲ್ಲದ ಮಟ್ಟ, ಮೇಲಿನದು ಹಣೆಮಟ್ಟ."

"ಯಾರ ಎದೆ?"

"ನಂದೇ. ಇನ್ನೊಬ್ಬರ ಎದೆ ಹೊತ್ಕೊಂಡು ತಿರುಗೋಕಾಗುತ್ತೇನಪ್ಪ?"

"ಅಲ್ಲ ಸರ್, ಮನೇಲಿ ಟೇಪ್ ಇಲ್ವಾ?"

"ಟೇಪು ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲದೋರಿಗೆ. ನಾನು ಆರಡಿಗೆ ಎರಡು ಬೆರಳು ಕಮ್ಮಿ. ಮುದ್ರಣಾಲಯದಲ್ಲಿ ನನ್ನನ್ನ ಏಣಿ ಅಂತಿದ್ರು."

ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗ ಪೆನ್ಸಿಲನ್ನು ಮೇಜಿನ ಮೇಲಿಟ್ಟ. ಮುಂದಿನದು ಮೇಲೆ ಬರೆದಿದೆ.

ಇಷ್ಟೆಲ್ಲ ಯಾಕೆಂದರೆ ಅಕ್ಕನಿಗಾಗಿ. ನಾನು ನಲವತ್ತು ವರ್ಷ ಕರಡು ತಿದ್ದಿದವನು. ತಿದ್ದಿದ ಪ್ರತಿ ಪುಸ್ತಕದ ಒಂದು ಪ್ರತಿ ಮನೆಗೆ ಬರುತ್ತಿತ್ತು. ಮೊದಲು ಅಕ್ಕನ ಕೋಣೆಯಲ್ಲಿ ಒಂದು ಮೂಲೆ ಕೇಳಿದೆ. ಆಮೇಲೆ ಉಳಿದ ಮೂರು ಮೂಲೆಗಳನ್ನು ಕೇಳದೆಯೇ ತೆಗೆದುಕೊಂಡೆ. ಜನವರಿಯಲ್ಲಿ ಅಕ್ಕ ನಾನೇ ತಿದ್ದಿದ ನಿಘಂಟಿನ ಎರಡನೆಯ ಸಂಪುಟಕ್ಕೆ ಎಡವಿ ಸೊಂಟ ಮುರಿದುಕೊಂಡಳು. ಈಗ ಆರೈಕೆ ಕೇಂದ್ರದಲ್ಲಿದ್ದಾಳೆ. ಏಪ್ರಿಲ್ ನಾಲ್ಕಕ್ಕೆ ಮನೆಗೆ ಕಳಿಸುತ್ತಾರೆ, ಎರಡು ಷರತ್ತಿನ ಮೇಲೆ: ಕೋಣೆಯಲ್ಲಿ ಗಾಲಿಕುರ್ಚಿ ಪೂರ್ತಿ ಒಂದು ಸುತ್ತು ತಿರುಗಬೇಕು, ಮನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರಿರಬೇಕು. ಇಲ್ಲವಾದರೆ ಮೇಲಂತಸ್ತಿನ ಉದ್ದ ವಾರ್ಡು. ಆ ವಾರ್ಡಿಗೆ ಹತ್ತಿದವರು ಇಳಿದದ್ದನ್ನು ಯಾರೂ ನೋಡಿಲ್ಲವಂತೆ.

ನಿನ್ನೆ ಅಕ್ಕ ನನ್ನ ತೋಳು ಹಿಡಿದು, "ಪುಟ್ಟ, ಅಲ್ಲಿಗೆ ಮಾತ್ರ ಹಾಕ್ಬೇಡ ಕಣೋ" ಎಂದಳು. ತನ್ನ ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ಅವಳು ನನ್ನನ್ನು ಕೇಳಿಕೊಂಡದ್ದು ಇದೊಂದೇ.

"ನಿನ್ನನ್ನ ಮನೆಗೆ ಕರ್ಕೊಂಡ್ ಬರೋನು ನಾನೇ. ನನ್ನ ಕೈಯಾರೆ" ಎಂದೆ.

ನೆಲ ಖಾಲಿಯಾಗಬೇಕು, ಆದ್ದರಿಂದ ಕಾಲಿರುವ ಕಪಾಟು ಬೇಡ. ಗೋಡೆಗೆ ಅಂಟಿ ಗಾಳಿಯಲ್ಲಿ ನಿಲ್ಲುವ ತೇಲು ಹಲಗೆಗಳೇ ಬೇಕು. ಮಾಡುವವನು ನಾನೇ.

ಮಾರ್ಚ್ 5, ಬುಧವಾರ

ಮೊದಲ ಗೋಡೆ ಮುಗಿಯಿತು! ಅಗ್ಗದ ವಿಧಾನವನ್ನು ಬರೆದಿಡುತ್ತೇನೆ, ಮುಂದಿನ ಜನಾಂಗಕ್ಕೆ ಬೇಕಾದೀತು. ಬಡಗಿಯ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ತುಂಡು ಪ್ಲೈವುಡ್ಡು, ತುಂಡು ಪಟ್ಟಿ. ಪಟ್ಟಿಯನ್ನು ಗೋಡೆಗೆ ತಿರುಪು ಹಾಕಿ ಬಿಗಿಯುವುದು. ಅದರಿಂದ ಮುಂದಕ್ಕೆ ಬಾಚಣಿಗೆಯ ಹಾಗೆ ನಾಲ್ಕು ಮರದ ಹಲ್ಲು. ಪ್ಲೈವುಡ್ಡಿನಿಂದ ಟೊಳ್ಳು ಪೆಟ್ಟಿಗೆ ಮಾಡಿ, ಬೆಂಕಿಪೊಟ್ಟಣದ ಹೊರಕವಚದಂತೆ ಆ ಹಲ್ಲುಗಳ ಮೇಲೆ ಜಾರಿಸುವುದು. ಪಟ್ಟಿ ಒಳಗೆ ಅಡಗುತ್ತದೆ. ಹೊರಗೆ ಬರೀ ಹಲಗೆ. ಕಾಲಿಲ್ಲ, ಕೈಯಿಲ್ಲ, ಗೂಟವಿಲ್ಲ. ಇಷ್ಟು ನಿರಾಧಾರವಾಗಿ ನಿಂತದ್ದನ್ನು ನಾನು ಇದುವರೆಗೆ ಪತ್ರಿಕೆಯ ಆರೋಪಗಳಲ್ಲಿ ಮಾತ್ರ ಕಂಡಿದ್ದೆ.

ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕದ್ದ ಪೆನ್ಸಿಲಿನಿಂದ ಎದೆಯ ಪಕ್ಕ, ಗಲ್ಲದ ಪಕ್ಕ, ಹಣೆಯ ಪಕ್ಕ ಗೀರು ಹಾಕಿದೆ. ರಸಮಟ್ಟ ಮಾತ್ರ ಇಟ್ಟೆ. ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ಕಣ್ಣಿನ ಪಾಪೆಯ ಹಾಗೆ ನಿಂತಿತು. ನವರಸಗಳಲ್ಲಿ ಒಂದೂ ಕಲಿಸದ ಶಾಂತಿಯನ್ನು ಈ ಹತ್ತನೆಯ ರಸ ಕಲಿಸಿತು.

ಮೂರೂ ಹಲಗೆ ಮಟ್ಟಸ. ನನ್ನ ಮಟ್ಟಿಗೆ ಇದೊಂದು ಮಟ್ಟ.

ಮಾರ್ಚ್ 8, ಶನಿವಾರ

ಅಲಂಕಾರದ ದಿನ. ಕಾವ್ಯದ ಅಲಂಕಾರಗಳನ್ನು ಕಾಲೇಜಿನಲ್ಲಿ ಓದಿದ್ದೆ, ಹಲಗೆಯದು ಹೊಸದು. ಕೆಳಮನೆಯಾಕೆ ಹಳೆಯ ಪತ್ರಿಕೆಯೊಂದನ್ನು ತಂದುಕೊಟ್ಟರು. ವಸ್ತುಗಳನ್ನು ಮೂರು ಮೂರಾಗಿ ಇಡಬೇಕಂತೆ. ಖಾಲಿ ಜಾಗವೂ ಅಲಂಕಾರವಂತೆ. ನನ್ನ ತಲೆಯನ್ನು ನೋಡಿಯೇ ಬರೆದಂತಿದೆ.

ದಪ್ಪ ಪುಸ್ತಕ ಕೆಳಗೆ, ಸಣ್ಣವು ಮೇಲೆ. ಬದುಕಿದ್ದಾಗ ಜಗಳವಾಡಿದ ಇಬ್ಬರು ವಿದ್ವಾಂಸರ ನಡುವೆ ಶಾಂತಿಗಾಗಿ ಒಂದು ಪಾಕಶಾಸ್ತ್ರ. ಮೇಲಿನ ಹಲಗೆಯ ತುದಿಗೆ ಕೆಳಮನೆಯಾಕೆ ಕೊಟ್ಟ ಬಳ್ಳಿಯ ಕುಂಡ. ಅದರ ಕುಡಿ ಇಳಿಬಿದ್ದು, ನಾನು ಓಡಾಡುವಾಗ ಕಿವಿಗೆ ಕಚಗುಳಿಯಿಡುತ್ತದೆ. ನಡುವಿನ ಹಲಗೆಯ ಮೇಲೆ ಅಕ್ಕನ ಫೋಟೋ, ಮೂವತ್ತು ವರ್ಷದವಳಿದ್ದಾಗಿನದು, ನನ್ನ ಕಣ್ಣಿಗೆ ಸರಿಯಾಗಿ. ಎದುರು ನಿಂತರೆ ಇಬ್ಬರ ದೃಷ್ಟಿಯೂ ಕೂಡುತ್ತದೆ. "ಪುಸ್ತಕ ಒರೆಸಿ ಇಟ್ಯೇನೋ?" ಎಂದು ಕೇಳುತ್ತಿರುವ ಹಾಗಿದೆ.

ಇನ್ನೂ ಅರ್ಧ ಪಾಲು ಪುಸ್ತಕ ನೆಲದ ಮೇಲಿದೆ. ಎಡಗಡೆ ಗೋಡೆಗೂ ಮೂರು ಹಲಗೆ ಬೇಕು.

ಮಾರ್ಚ್ 10, ಸೋಮವಾರ

ಸ್ಟೂಲಿನಿಂದ ಇಳಿದೆ. ಕಾಲಿನ ಬದಲು ಬೇರೆ ಭಾಗದಿಂದ. ನೆಲದ ಮೇಲೆ ದೊಪ್ಪನೆ ಕೂತೆ, ಅಷ್ಟೇ. ಆ ಕ್ಷಣಕ್ಕೆ ಕೋಣೆಯಲ್ಲಿ ಎಲ್ಲೋ ಟಕ್ ಎಂದಿತು, ಒಣಗಿದ ಪುಳ್ಳೆ ಮುರಿದ ಹಾಗೆ. ಹೊಸ ಹಲಗೆಗಳು ಕೂತುಕೊಳ್ಳುವ ಸದ್ದಿರಬೇಕು. ನಾನೂ ಕೂತೆ, ಅವೂ ಕೂತವು.

ಬೆನ್ನು ಸ್ವಲ್ಪ ಹಿಡಿದಿದೆ. ಯಾರಿಗೂ ಹೇಳುವಂಥದ್ದಲ್ಲ.

ಮಾರ್ಚ್ 12, ಬುಧವಾರ

ಅಕ್ಕನನ್ನು ನೋಡಲು ಹೋಗಿದ್ದೆ. ಕಂಬಿ ಹಿಡಿದು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಮೇಲ್ವಿಚಾರಕಿಯೂ ಇದ್ದರು, ಸೊಂಟದಲ್ಲಿ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುತ್ತಾರೆ, ಅಕ್ಕ ಅವರಿಗೆ ಟೇಪಮ್ಮ ಎಂದೇ ಹೆಸರಿಟ್ಟಿದ್ದಾಳೆ.

"ನೀವು ಗಟ್ಟಿಯಾಗಿದೀರಾ ತಾನೇ?" ಎಂದರು ಟೇಪಮ್ಮ. "ಇವರನ್ನ ಹಾಸಿಗೆಯಿಂದ ಎಬ್ಬಿಸ್ಬೇಕು, ಕೂರಿಸ್ಬೇಕು. ಬೆನ್ನು ಗಿನ್ನು ಎಲ್ಲ ಸರಿ ಇದೆಯಾ?"

"ಕಲ್ಲುಗುಂಡು" ಎಂದೆ.

"ಯಾಕೋ ಹೀಗೆ ಬಗ್ಗಿ ನಿಂತಿದೀಯ?" ಎಂದಳು ಅಕ್ಕ.

"ನಿನ್ನ ಮುಂದೆ ಬಗ್ಗದೆ ಇನ್ಯಾರ ಮುಂದೆ ಬಗ್ಗಲಿ?"

ಟೇಪಮ್ಮ ನಕ್ಕರು. ಅಕ್ಕ ನಗಲಿಲ್ಲ.

ಮಾರ್ಚ್ 14, ಶುಕ್ರವಾರ

ಒಂದು ವಿಚಿತ್ರ ಸಂಗತಿ. ತಮಾಷೆಯಾಗಿ ಬರೆಯಲು ಎರಡು ಸಲ ಶುರುಮಾಡಿ ಹೊಡೆದುಹಾಕಿದೆ.

ಬೆಳಿಗ್ಗೆ ಫೋಟೋದ ಎದುರು ನಿಂತೆ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ಅವಳ ದೃಷ್ಟಿ ನನ್ನ ತಲೆಯ ಮೇಲಿಂದ ಹಾದು ಹಿಂದಕ್ಕೆ ಹೋಗಿತ್ತು, ನನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ. ತಿರುಗಿ ನೋಡಿದೆ. ಬಾಗಿಲು, ಬಾಗಿಲಿಗೆ ನೇತುಹಾಕಿದ ನನ್ನದೇ ಅಂಗಿ.

ಫೋಟೋವನ್ನು ಸರಿಸಿದೆ, ಓರೆಮಾಡಿದೆ, ಹಿಂದಕ್ಕೆ ತಳ್ಳಿದೆ. ಎಲ್ಲಿಟ್ಟರೂ ಅವಳು ನನ್ನ ಮೇಲಿಂದಲೇ ನೋಡುತ್ತಾಳೆ. ಮೂವತ್ತರ ಅಕ್ಕ, ನಗುತ್ತ, ನನ್ನನ್ನು ಬಿಟ್ಟು ಬೇರೆ ಯಾರನ್ನೋ.

ಮಾರ್ಚ್ 17, ಸೋಮವಾರ

ಬಳ್ಳಿಯ ಕುಡಿ ಈಗ ಕಿವಿಗೆ ತಾಗುವುದಿಲ್ಲ. ಅದಕ್ಕೂ ಮೇಲೆ, ತಲೆಯ ಪಕ್ಕಕ್ಕೆ ತಾಗುತ್ತದೆ. ಬಾಡಿ ಮುದುಡಿದೆಯೇನೋ ಎಂದು ನೋಡಿದರೆ, ಹೊಸದಾಗಿ ಎರಡೆಲೆ ಬಿಟ್ಟಿದೆ. ತುಸು ಉದ್ದವೂ ಆಗಿದೆ. ಕೆಳಕ್ಕೆ ಬೆಳೆಯುತ್ತಿರುವ ಬಳ್ಳಿ ಮೇಲಕ್ಕೆ ಹೋಗುವುದು ಹೇಗೆ?

ಬಳ್ಳಿ ಹೋಗಿಲ್ಲ. ಹಲಗೆ ಹೋಗಿದೆ.

ಬರೆದು, ಓದಿ, ನಕ್ಕೆ. ತೇಲು ಹಲಗೆ ಎಂದು ಹೆಸರಿಟ್ಟವರು ನಾವೇ. ಅದು ತೇಲಿದರೆ ದೂರುವುದು ಯಾರನ್ನು? ಆದರೆ ಆ ನಗು ಖಾಲಿ ಕೋಣೆಯಲ್ಲಿ ಹೇಗೆ ಕೇಳಿಸಿತೆಂದರೆ, ಇನ್ನೊಮ್ಮೆ ನಗಲಿಲ್ಲ.

ಇನ್ನು ಆ ಸದ್ದು. ಟಕ್. ಇವತ್ತು ಎರಡು ಸಲ. ಎರಡು ಸಲವೂ ನಾನು ನೆಲದಿಂದ ಪುಸ್ತಕದ ಕಟ್ಟು ಎತ್ತುತ್ತಿದ್ದಾಗ. ಹಲಗೆ ಗೋಡೆಯನ್ನು ಬಿಟ್ಟು ಒಂದು ಕೂದಲೆಳೆ ಮೇಲೇರುವಾಗ ಹಾಗೆ ಸದ್ದಾಗುತ್ತಿರಬಹುದು. ಗೋಡೆಗೆ ಕಿವಿ ಹಚ್ಚಿ ಅರ್ಧ ಗಂಟೆ ನಿಂತೆ. ಗೋಡೆ ಮೌನ. ಎದುರಿನ ಗೋಡೆಗೆ ಹೋಗಿ ಅಲ್ಲೂ ಹಚ್ಚಿದೆ. ಮೌನ. ಕಿವಿ ತೆಗೆದು, ಕೆಳಗೆ ಬಿದ್ದಿದ್ದ ಪೆನ್ಸಿಲಿಗೆ ಬಗ್ಗಿದೆ. ಟಕ್.

ಯಾವ ಕಡೆಗೆ ಮುಖ ಮಾಡಿದರೂ ಅದು ಬರುವುದು ನನ್ನ ಹಿಂದಿನಿಂದಲೇ.

ಮಾರ್ಚ್ 19, ಬುಧವಾರ

ಅಂಗಿಗಳೂ ಉದ್ದವಾಗುತ್ತಿವೆ. ಹೊಸ ಸಾಬೂನಿನ ಮಹಿಮೆ. ಪ್ಯಾಂಟಿನ ಪಟ್ಟಿ ಪಕ್ಕೆಲುಬಿಗೆ ಒತ್ತುತ್ತದೆ. ಕೈಗಳು ಮೊಣಕಾಲಿನ ಸಮೀಪಕ್ಕೆ ಬಂದಿವೆ. ಕಾವ್ಯಗಳ ನಾಯಕರನ್ನು ಆಜಾನುಬಾಹು ಎಂದು ಹೊಗಳುವುದನ್ನು ಎಷ್ಟು ಕರಡುಗಳಲ್ಲಿ ತಿದ್ದಿಲ್ಲ ನಾನು! ಅರವತ್ತೆಂಟಕ್ಕೆ ಆ ಲಕ್ಷಣ ಕೂಡಿಬಂತು.

ಕೆಳಮನೆಯಾಕೆ ಮೆಟ್ಟಿಲ ಬಳಿ ಸಿಕ್ಕರು. "ಏನ್ ಸರ್, ತುಂಬಾ ಇಳಿದುಹೋಗಿದೀರಿ?"

"ಇಲ್ಲಮ್ಮ, ಈಗ ಹತ್ತುತಾ ಇದೀನಿ."

"ತಮಾಷೆ ಅಲ್ಲ ಸರ್. ಅಕ್ಕನ ಚಿಂತೇಲಿ ಕುಗ್ಗಿಬಿಟ್ಟಿದೀರಿ. ಕುಗ್ಗಬೇಡಿ."

ಒಳ್ಳೆಯ ಮನಸ್ಸಿನವರು. ಕುಗ್ಗುವುದಿಲ್ಲ ಎಂದು ಮಾತು ಕೊಟ್ಟೆ.

ಮಾರ್ಚ್ 21, ಶುಕ್ರವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕ್ಷಮೆಯಿರಲಿ. ಯಾರ ಕ್ಷಮೆ, ಓದುವವನೂ ನಾನೇ.

ಎಡಗೋಡೆಯ ಹಲಗೆಗಳನ್ನು ಇಂದು ಕೂಡಿಸಿದೆ. ಅದೇ ಕ್ರಮ, ಅದೇ ಪೆನ್ಸಿಲು. ಗೋಡೆಗೆ ಬೆನ್ನು ಕೊಟ್ಟೆ, ಎದೆ, ಗಲ್ಲ, ಹಣೆ. ಗೀರು, ಪಟ್ಟಿ, ತಿರುಪು, ಪೆಟ್ಟಿಗೆ. ಎಡಗೋಡೆಯ ಹಲಗೆ ಮತ್ತು ಮೊದಲ ಗೋಡೆಯ ಹಲಗೆ ಮೂಲೆಯಲ್ಲಿ ಒಂದಕ್ಕೊಂದು ಕೂಡಬೇಕು, ಮೊಣಕೈಯ ಹಾಗೆ. ಅದಕ್ಕಾಗಿ ಅಂಚನ್ನು ಉಜ್ಜಿ ಉಜ್ಜಿ ನಯ ಮಾಡಿದ್ದೆ.

ಕೂಡಲಿಲ್ಲ.

ಮೊದಲ ಗೋಡೆಯ ಮೂರು ಹಲಗೆಗಳೂ ಎಡಗೋಡೆಯವಕ್ಕಿಂತ ಮೇಲಿವೆ. ಮೂಲೆಯಲ್ಲಿ ಕೈ ಅಡ್ಡ ಹಿಡಿದು ನೋಡಿದೆ: ನಾಲ್ಕು ಬೆರಳು. ಮೂರೂ ಕಡೆ, ಒಂದೇ ಸಮ, ನಾಲ್ಕು ಬೆರಳು. ಕೈತಪ್ಪಾಗಿದ್ದರೆ ಒಂದು ಹೆಚ್ಚು, ಒಂದು ಕಡಿಮೆ ಆಗಬೇಕಿತ್ತು. ಅಚ್ಚಿನ ದೋಷಕ್ಕೆ ಶಿಸ್ತಿರುವುದಿಲ್ಲ. ನಲವತ್ತು ವರ್ಷ ಅದರ ಜೊತೆ ಬಾಳಿದವನು ನಾನು, ನನಗೆ ಗೊತ್ತು. ಶಿಸ್ತಿದ್ದರೆ ಅದು ದೋಷವಲ್ಲ, ಯಾರದೋ ಉದ್ದೇಶ.

ರಸಮಟ್ಟ ಇಟ್ಟೆ. ಮೊದಲ ಗೋಡೆ: ಗುಳ್ಳೆ ನಟ್ಟನಡುವೆ. ಎಡಗೋಡೆ: ಗುಳ್ಳೆ ನಟ್ಟನಡುವೆ. ಎರಡೂ ಸರಿ. ಎರಡೂ ಸರಿಯಿದ್ದು ಒಂದಕ್ಕೊಂದು ತಪ್ಪಾಗಿವೆ. ಗುಳ್ಳೆ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು.

ಮಾರ್ಚ್ 22, ಶನಿವಾರ

ಮಾನ ಬಿಟ್ಟು ಬಡಗಿಯನ್ನು ಕರೆತಂದೆ. ಪೆಟ್ಟಿಗೆ ಸರಿಸಿ ಪಟ್ಟಿ ನೋಡಿದ, ತಿರುಪು ನೋಡಿದ, ಗೋಡೆಯ ಬಣ್ಣಕ್ಕೆ ಉಗುರು ಕೊಟ್ಟು ಕೆರೆದ.

"ಇದು ಅಲ್ಲಾಡೇ ಇಲ್ಲ ಸರ್. ಗಟ್ಟಿ ಕೆಲಸ. ನೀವೇ ಮಾಡಿದ್ದಾ?"

"ನಾನೇ. ಅಲ್ಲಾಡದೆ ನಾಲ್ಕು ಬೆರಳು ಏರಿದ್ದು ಹೇಗೆ?"

"ಮರ ಕುಗ್ಗುತ್ತೆ ಸರ್, ಒಣಗ್ತಾ ಒಣಗ್ತಾ. ಮೇಲಕ್ಕೆ ಏರೋ ಮರ ನಾನು ನೋಡಿಲ್ಲ."

ಅವನ ಚೀಲ ಹೊತ್ತುಕೊಡಲು ಅಂಗಡಿಯವರೆಗೂ ಹೋದೆ. ಗಟ್ಟಿಮುಟ್ಟು ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಒಳಗೆ ಚೀಲ ಇಳಿಸಿ ತಿರುಗಿದರೆ ಅವನು ಬಾಗಿಲಲ್ಲೇ ನಿಂತು ಒಮ್ಮೆ ಚೌಕಟ್ಟನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ನಗುತ್ತಿರಲಿಲ್ಲ.

"ಏನಯ್ಯಾ?"

"ಮೂರನೇ ತಾರೀಕು ಬಂದಾಗ ಇದಕ್ಕೆ ಹಣೆ ಹೊಡ್ಕೊಂಡಿದ್ರಿ ಸರ್."

"ಹೂಂ."

"ಈಗ ನೆಟ್ಟಗೆ ಒಳಗೆ ಬಂದ್ರಿ. ತಗಲಲಿಲ್ಲ."

ನಾನು ಮತ್ತೆ ಹೊರಗೆ ಹೋಗಿ ಮತ್ತೆ ಒಳಗೆ ಬಂದೆ. ಚೌಕಟ್ಟು ಗಾಳಿಯಲ್ಲಿ, ತಲೆಯ ಮೇಲೆ, ಸದ್ದಿಲ್ಲದೆ ಹಾದುಹೋಯಿತು.

ಹಾಗಾದರೆ ಇದು ನನ್ನ ಮನೆಯಲ್ಲಿ ಮಾತ್ರವಲ್ಲ. ಹಲಗೆ ಹುಟ್ಟಿದ ಜಾಗಕ್ಕೂ ಹಬ್ಬಿದೆ. ಬಡಗಿ ಏನೋ ಹೇಳಲು ಬಾಯಿ ತೆರೆದ, "ಯಾರಾದ್ರೂ ಡಾಕ್ಟರಿಗೆ..." ಎಂದ. ಬಾಗಿಲು ಏರಿದ್ದಕ್ಕೆ ಡಾಕ್ಟರೇಕೆ? ಪಾಪ, ಅವನೂ ಹೆದರಿದ್ದಾನೆ.

ಮಾರ್ಚ್ 25, ಮಂಗಳವಾರ

ಈಗ ಎಲ್ಲವೂ.

ಸ್ನಾನದ ಮನೆಯ ಕನ್ನಡಿ ಏರಿದೆ. ಗಡ್ಡ ಹೆರೆಯಲು ಹೋದರೆ ಕನ್ನಡಿಯಲ್ಲಿ ಗಡ್ಡವೇ ಇಲ್ಲ, ಕಣ್ಣಿನಿಂದ ಮೇಲಕ್ಕೆ ಮಾತ್ರ ನಾನು. ಬಾಗಿಲ ಇಣುಕುಗಂಡಿ ಏರಿದೆ; ಕಣ್ಣಿಟ್ಟರೆ ಹೊರಗಿನವರ ಮುಖದ ಬದಲು ಮೊಗಸಾಲೆಯ ಸೀಲಿಂಗು. ಬಚ್ಚಲ ಕೊಕ್ಕೆಯಿಂದ ಟವೆಲು ತೆಗೆಯಲು ತುದಿಗಾಲು. ಒಂದೊಂದೂ ತನ್ನ ಜಾಗದಲ್ಲೇ ಇದೆ, ಸುತ್ತಲಿನ ಬಣ್ಣ ಕದಲಿಲ್ಲ, ಒಂದು ಚೂರು ಸುಣ್ಣ ಉದುರಿಲ್ಲ. ಇಡೀ ಮನೆ ನೀರಿಲ್ಲದ ದೋಣಿಯ ಹಾಗೆ ಮೆಲ್ಲಗೆ ತೇಲಿ ಏಳುತ್ತಿದೆ, ನನ್ನೊಬ್ಬನನ್ನು ತಳದಲ್ಲಿ ಬಿಟ್ಟು.

ಮಧ್ಯಾಹ್ನ ಅಕ್ಕನ ಕೋಣೆಯ ನಡುವೆ ಕೂತು ಮೇಲೆ ನೋಡಿದೆ. ಆರು ಹಲಗೆ, ಸಾಲು ಸಾಲು ಪುಸ್ತಕ. ಕಿಟಕಿಯ ಬಿಸಿಲು ಅವುಗಳ ಕೆಳಗೆ ಒಂದೊಂದು ಕಪ್ಪು ಪಟ್ಟೆ ಎಳೆದಿತ್ತು. ನೆಲ ಈಗ ಪೂರ್ತಿ ಖಾಲಿ. ನಾನೇ ಖಾಲಿ ಮಾಡಿದ್ದು, ಒಂದೊಂದೇ ಕಟ್ಟು ಎತ್ತಿ. ಎತ್ತಿದಾಗಲೆಲ್ಲ ಟಕ್.

ಮಂಡಿಯೂರಿ ಎದ್ದೆ. ಎದ್ದು ನಿಂತ ಮೇಲೂ ಇನ್ನೂ ಎಲ್ಲೋ ಕೂತೇ ಇದ್ದೇನೆ ಅನ್ನಿಸಿತು.

ಶುಕ್ರವಾರ ಟೇಪಮ್ಮ ಬರುತ್ತಾರೆ. ಮನೆ ತೇಲುತ್ತಿರುವುದು ಅವರಿಗೆ ಗೊತ್ತಾಗಬಾರದು. ತೇಲುವ ಮನೆಗೆ ಅಕ್ಕನನ್ನು ಯಾರು ಕಳಿಸುತ್ತಾರೆ?

ಮಾರ್ಚ್ 28, ಶುಕ್ರವಾರ

ಬಂದರು, ಅಳೆದರು. ಬಾಗಿಲ ಅಗಲ, ಮಂಚದ ಸುತ್ತಲಿನ ಜಾಗ. ತಾವೇ ತಂದ ಗಾಲಿಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಭೇಷ್. ಒಂದು ಪುಸ್ತಕಾನೂ ನೆಲದ ಮೇಲಿಲ್ಲ. ಯಾರ ಕೆಲಸ?"

"ಈ ಕೈಗಳದ್ದೇ."

ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು. "ಇದ್ಯಾಕೆ ಹೀಗೆ? ಈ ಕಡೆದು ಮೇಲೆ, ಆ ಕಡೆದು ಕೆಳಗೆ?"

"ಶೈಲಿ. ಪತ್ರಿಕೆಯಲ್ಲಿ ಬಂದಿತ್ತು."

ಅವರು ಟೇಪು ಎಳೆದು ನೆಲದಿಂದ ಎರಡನ್ನೂ ಅಳೆದು ಬರೆದುಕೊಂಡರು. "ಮೇಲಿನದು ಯಾವಾಗ ಹಾಕಿದ್ದು?"

"ಐದನೇ ತಾರೀಕು."

"ಕೆಳಗಿಂದು?"

"ಇಪ್ಪತ್ತೊಂದು."

"ಎರಡಕ್ಕೂ ಅಳತೆ ಏನಿಟ್ಕೊಂಡ್ರಿ?"

ಹೇಳಬಾರದಿತ್ತು. ಜಂಬ ಬಾಯಿ ಬಿಡಿಸಿತು. "ನನ್ನನ್ನೇ."

ಅವರು ಟೇಪನ್ನು ಮಡಿಸಲಿಲ್ಲ. ಹಾಗೇ ಹಿಡಿದುಕೊಂಡು ನಿಂತರು. ನಾನು ಆಗ ಗಮನಿಸಿದೆ: ಕೇಂದ್ರದಲ್ಲಿ ಮೊದಲ ದಿನ ಕಂಡಾಗ ಈ ಹೆಂಗಸಿನ ಬೈತಲೆ ನನಗೆ ಕಾಣುತ್ತಿತ್ತು. ಈಗ ಕಣ್ಣಿಗೆ ಕಣ್ಣು. ಎತ್ತರದ ಹಿಮ್ಮಡಿಯ ಚಪ್ಪಲಿ ಇರಬೇಕೆಂದು ಕೆಳಗೆ ನೋಡಿದೆ. ಬರಿಗಾಲು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದರು.

ಅವರೂ ಏರಿದ್ದಾರೆ.

"ಬೆನ್ನು ನೋಯುತ್ತಾ ನಿಮಗೆ?" ಎಂದರು, ತುಂಬಾ ಮೆತ್ತಗೆ.

"ಇಲ್ಲ."

"ಇಲ್ಲ ಅಂದ್ರೆ ಬರ್ಕೊಳ್ತೀನಿ. ನೋಯುತ್ತೆ ಅಂದ್ರೂ ಬರ್ಕೊಳ್ತೀನಿ. ಯೋಚನೆ ಮಾಡಿ ಹೇಳಿ."

"ಇಲ್ಲ ಅಂತಲೇ ಬರ್ಕೊಳಿ."

ಬರೆದುಕೊಂಡರು. ಏಪ್ರಿಲ್ ನಾಲ್ಕು, ಬೆಳಿಗ್ಗೆ ಹತ್ತಕ್ಕೆ. ಅವರು ಹೋದ ಮೇಲೆ ಬಾಗಿಲಿಗೆ ಒರಗಿ ನಿಂತು ಅತ್ತೆ. ಸಂತೋಷಕ್ಕೆ ಎಂದು ಇಟ್ಟುಕೊಳ್ಳೋಣ.

ಏಪ್ರಿಲ್ 2, ಬುಧವಾರ

ಕೂತು ಬರೆಯಲಾಗುತ್ತಿಲ್ಲ. ಇನ್ನೆರಡು ದಿನ.

ಏಪ್ರಿಲ್ 4, ಶುಕ್ರವಾರ

ಕೇಂದ್ರದ ಪರೀಕ್ಷಾ ಕೋಣೆಯ ಬೆಂಚಿನ ಮೇಲೆ ಮಲಗಿ ಬರೆಯುತ್ತಿದ್ದೇನೆ. ಕಾಗದ ಟೇಪಮ್ಮನದು.

ಹತ್ತಕ್ಕೆ ಸರಿಯಾಗಿ ಬಂದೆ. ಅಕ್ಕ ಗಾಲಿಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಚೀಲವಿಟ್ಟುಕೊಂಡು, ಮೊದಲ ದಿನ ಶಾಲೆಗೆ ಹೊರಟವಳ ಹಾಗೆ ಕಾಯುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಲಿಲ್ಲ. ಅರಳಲು ಹೋಗಿ ತಡೆದು ನಿಂತಿತು.

"ಪುಟ್ಟ... ಏನಾಯ್ತೋ ನಿನಗೆ?"

"ಏನಾಗ್ಬೇಕು? ನೀನು ಕೂತಿದೀಯ, ಕೆಳಗಿಂದ ನೋಡ್ತಿದೀಯ, ಹಾಗೆ ಕಾಣುತ್ತೆ."

"ಕೆಳಗಿಂದ ನೋಡಿದ್ರೆ ಎತ್ತರ ಕಾಣ್ಬೇಕಲ್ವೇನೋ."

ಅವಳ ಒಂದು ಕಾಲು ಕುರ್ಚಿಯ ಕಾಲ್ಮಣೆಯಿಂದ ಜಾರಿತ್ತು. ಎತ್ತಿಡಲು ಬಗ್ಗಿದೆ.

ಟಕ್.

"ಏನದು ಸದ್ದು?" ಎಂದಳು ಅಕ್ಕ.

ನಾನು ಬಗ್ಗಿದವನು ಬಗ್ಗಿದ ಹಾಗೇ ಇದ್ದೆ. ಒಂದು ತಿಂಗಳಿನಿಂದ ಆ ಸದ್ದನ್ನು ಕೇಳಿದವನು ನಾನೊಬ್ಬನೇ. ಇನ್ನೊಬ್ಬರು ಕೇಳಿದ್ದು ಇದೇ ಮೊದಲು. ಸುತ್ತ ನೋಡಿದೆ. ಬಿಳಿ ಗೋಡೆ. ಒಂದು ಮೊಳೆಯೂ ಇಲ್ಲ. ಹಲಗೆಗಳೆಲ್ಲ ಮನೆಯಲ್ಲಿವೆ. ಸದ್ದು ಇಲ್ಲಿದೆ.

ಹಲಗೆಗಳು ಅಲ್ಲಿ. ಸದ್ದು ಇಲ್ಲಿ.

"ನಿನ್ನ ಬೆನ್ನಿಂದ ಬಂತು ಕಣೋ" ಎಂದಳು ಅಕ್ಕ. ಅವಳ ಎರಡೂ ಕೈ ನನ್ನ ಹೆಗಲ ಮೇಲಿತ್ತು. ನಾನು ಏಳಲು ನೋಡಿದೆ. ಏಳುವ ದಾರಿ ಎಲ್ಲಿದೆ ಎಂಬುದೇ ಮರೆತುಹೋಗಿತ್ತು.

ಸಂಜೆ ಡಾಕ್ಟರು ಬೆಳಕಿನ ಮುಂದೆ ಚಿತ್ರ ಹಿಡಿದು ತೋರಿಸಿದರು. ಬೆನ್ನುಮೂಳೆಯ ಮಣಿಗಳು, ಒಂದರ ಮೇಲೊಂದು, ಹಲಗೆ ಜೋಡಿಸಿದ ಹಾಗೆ. ನಡುವೆ ಮೂರು ಮಣಿಗಳು ಚಪ್ಪಟೆ. ಸ್ಟೂಲಿನಿಂದ ಬಿದ್ದ ದಿನ ಒಂದು ಹೋಗಿದೆಯಂತೆ, ಪುಸ್ತಕ ಎತ್ತುತ್ತ ಇನ್ನೆರಡು.

"ಕುಗ್ಗಿವೆ" ಎಂದರು ಡಾಕ್ಟರು.

ಕೆಳಮನೆಯಾಕೆ ಮೊದಲೇ ಹೇಳಿದ್ದರು ಆ ಮಾತನ್ನು. ನಾನು ಅದನ್ನು ಸಮಾಧಾನ ಎಂದು ತಿಳಿದಿದ್ದೆ. ನಲವತ್ತು ವರ್ಷ ಪದಗಳ ತಪ್ಪು ಹುಡುಕಿದವನಿಗೆ ಒಂದು ಪದದ ಸರಿ ಸಿಗಲಿಲ್ಲ.

ಎಷ್ಟು ಕುಗ್ಗಿದ್ದೇನೆ ಎಂದು ಕೇಳಲಿಲ್ಲ. ಟೇಪಮ್ಮ ಟೇಪು ತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ.

ಏಪ್ರಿಲ್ 6, ಭಾನುವಾರ

ಅಕ್ಕನ ಪಕ್ಕದ ಹಾಸಿಗೆ. ಕೆಳವಾರ್ಡು. ಸೊಂಟದಿಂದ ಎದೆಯವರೆಗೆ ಗಟ್ಟಿ ಪಟ್ಟಿ ಬಿಗಿದಿದ್ದಾರೆ. ಈಗ ನಾನೇ ಒಂದು ಟೊಳ್ಳು ಪೆಟ್ಟಿಗೆ, ಪಟ್ಟಿ ಒಳಗಿರುವ ಬದಲು ಹೊರಗಿದೆ.

ಮಹಡಿಯಿಂದ ಗಾಲಿಗಳ ಸದ್ದು ಕೇಳಿಸುತ್ತದೆ, ನಿಧಾನ, ಒಂದೇ ಸಮ. ಯಾರದೋ ಮಂಚವನ್ನು ಕಿಟಕಿಯಿಂದ ಕಿಟಕಿಗೆ ಸರಿಸುತ್ತಾರಂತೆ. ಕೇಳುತ್ತ ಅಕ್ಕ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಇಬ್ಬರೂ ಸೀಲಿಂಗು ನೋಡಿದೆವು.

"ಸುಳ್ಳು ಯಾಕೆ ಹೇಳಿದೆ?" ಎಂದಳು.

"ನಿಜ ಹೇಳಿದ್ರೆ ನಿನ್ನನ್ನ ಮೇಲಕ್ಕೆ ಕಳಿಸ್ತಿದ್ರು."

"ಈಗ ಇಬ್ಬರನ್ನೂ ಕಳಿಸ್ತಾರೆ ಪೆದ್ದ."

ಅವಳು ಎದ್ದಳು. ಕಂಬಿ ಹಿಡಿದು, ಆಮೇಲೆ ಕಂಬಿ ಬಿಟ್ಟು ನನ್ನ ಮಂಚ ಹಿಡಿದು, ಆಮೇಲೆ ಕಿಟಕಿ ಹಿಡಿದು ನಡೆದಳು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಮತ್ತೆ ಹೋದಳು. ಬೆಳಗಿನಿಂದ ಇದು ಹನ್ನೊಂದನೆಯ ಸಲ. ತುಟಿ ಕಚ್ಚಿಕೊಂಡಿದ್ದಳು. ನಾನು ಎಣಿಸಿದೆನೇ ಹೊರತು ಯಾಕೆಂದು ಕೇಳಲಿಲ್ಲ.

ಏಪ್ರಿಲ್ 9, ಬುಧವಾರ

ಗೆದ್ದೆ!

ನಿನ್ನೆ ಟೇಪಮ್ಮ ನಿಯಮದ ಹಾಳೆಯನ್ನು ಎರಡು ಸಲ ಓದಿ, "ಮನೇಲಿ ಗಟ್ಟಿಮುಟ್ಟಾದವರು ಒಬ್ಬರಿರಬೇಕು ಅಂತಿದೆ. ಅದು ಯಾರು ಅಂತ ಬರೆದಿಲ್ಲ" ಎಂದರು. ಹೇಳುವಾಗ ಅವರು ನನ್ನನ್ನು ನೋಡಲಿಲ್ಲ. ಕರಡಿನಲ್ಲಿ ಬಿಟ್ಟುಹೋದ ಒಂದು ಪದ ಹೀಗೆ ಕಾಪಾಡಿದ್ದನ್ನು ನನ್ನ ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ.

ಇಂದು ಹನ್ನೊಂದು ಗಂಟೆಗೆ, ಕೇಂದ್ರದ ಆಳುಗಳು ಮೆಟ್ಟಿಲು ಹತ್ತಿಸಿಕೊಟ್ಟ ಗಾಲಿಕುರ್ಚಿ ಕೋಣೆಯ ಹೊಸ್ತಿಲು ದಾಟಿತು. ಎಡಕ್ಕೆ ತಾಗಲಿಲ್ಲ, ಬಲಕ್ಕೆ ತಾಗಲಿಲ್ಲ. ಕಿಟಕಿಯವರೆಗೆ ಹೋಯಿತು, ಮಂಚದ ಪಕ್ಕದಲ್ಲಿ ಪೂರ್ತಿ ಒಂದು ಸುತ್ತು ತಿರುಗಿತು. ನೆಲದ ಮೇಲೆ ಒಂದೇ ಒಂದು ಹಾಳೆಯೂ ಅಡ್ಡ ಬರಲಿಲ್ಲ. ಕೆಳಮನೆಯಾಕೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅಕ್ಕನನ್ನು ಮನೆಗೆ ಕರೆತರುವವನು ನಾನೇ, ನನ್ನ ಕೈಯಾರೆ, ಎಂದು ಮಾತು ಕೊಟ್ಟಿದ್ದೆ. ಮಾತು ಉಳಿಯಿತು ಎಂದು ಇಲ್ಲಿಗೆ ನಿಲ್ಲಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಆದರೆ ತಿದ್ದುವವನು ನಾನು. ತಪ್ಪು ಕಂಡ ಮೇಲೆ ಬಿಡುವ ಹಾಗಿಲ್ಲ.

ಕುರ್ಚಿಯಲ್ಲಿ ಕೂತಿದ್ದವನು ನಾನು. ಹಿಂದಿನಿಂದ ತಳ್ಳಿದವಳು ಅಕ್ಕ.